ಜಾರಿ ಬಿದ್ದ ಹವಾಲ್ದಾರರು

ಅವರು ನನಗೆ ಹೊಡೆದದ್ದು ಒಂದೇ ಸಲ. ಅದೂ ನಿದ್ದೆಯಲ್ಲಿ. ಹಾಗಾಗಿ ಅದನ್ನು ಹೊಡೆತ ಎನ್ನಬಾರದು ಎಂದು ಅವರ ಹೆಂಡತಿ ಕೊನೆಯವರೆಗೂ ವಾದಿಸುತ್ತಿದ್ದರು. ಆವತ್ತಿನಿಂದ ಅಲ್ಲಾಡುತ್ತಿದ್ದ ನನ್ನ ಮೇಲುಸಾಲಿನ ಹಲ್ಲೊಂದು ಕಳೆದ ಮಳೆಗಾಲದಲ್ಲಿ ಬಿದ್ದೇಹೋಯಿತು. ಆದ್ದರಿಂದ ನಾನು ಅದನ್ನು ಹೊಡೆತ ಎಂದೇ ಅನ್ನುತ್ತೇನೆ. ಹೋದ ತಿಂಗಳು ಹವಾಲ್ದಾರರು ತೀರಿಕೊಂಡರು. ಅವರ ಬಗ್ಗೆ ಒಳ್ಳೆಯ ಮಾತು ಬರೆಯೋಣವೆಂದು ಕುಳಿತರೆ ನಾಲಿಗೆ ಮೊದಲು ಆ ಖಾಲಿ ಜಾಗಕ್ಕೇ ಹೋಗುತ್ತದೆ.

ಕುಶಾಲನಗರದಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಅರ್ಜಿ, ಕರಾರು, ಅಫಿಡವಿಟ್, ಮೇಲ್ಮನವಿ, ಯಾವುದು ಬೇಕಾದರೂ ಕನ್ನಡದಲ್ಲಿ ಬರೆದು ಇಂಗ್ಲಿಷಿಗೂ ಇಳಿಸಿಕೊಡುತ್ತೇನೆ. ಒಂದು ಮಧ್ಯಾಹ್ನ ಅವರು ಬಂದು ಬೆಂಚಿನ ಮೇಲೆ ಕುಳಿತರು. ಎತ್ತರದ ಆಳು, ದಪ್ಪ ಕುತ್ತಿಗೆ, ಎಡ ಹುಬ್ಬಿನಿಂದ ಕೂದಲಿನವರೆಗೆ ಹಳೆಯ ಗಾಯದ ಗೆರೆ. ಅವರಿಗಿಂತ ಮುಂಚೆ ಬಂದವರು ಇಬ್ಬರಿದ್ದರು. ಅವರ ಕೆಲಸ ಮುಗಿಯುವಷ್ಟರಲ್ಲಿ ಇವರು ಕುಳಿತಲ್ಲೇ ನಿದ್ದೆ ಹೋಗಿ, ಗೊರಕೆಯ ಸದ್ದಿಗೆ ಗಾಜಿನ ಕಪಾಟು ನಡುಗುತ್ತಿತ್ತು. ಗಿರಾಕಿಗಳು ನಗುತ್ತ ಎದ್ದುಹೋದರು. ಆಮೇಲೆ ಗೊರಕೆ ಇದ್ದಕ್ಕಿದ್ದಂತೆ ನಿಂತಿತು.

ನಿಂತದ್ದು ಗೊರಕೆ ಮಾತ್ರವಲ್ಲ, ಉಸಿರೂ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಎದೆ ಏಳುತ್ತಿಲ್ಲ, ತುಟಿ ಕಪ್ಪಗಾಗುತ್ತಿದೆ. ನಾನು ಗಾಬರಿಯಿಂದ ಹೋಗಿ ಭುಜ ಹಿಡಿದು ಅಲ್ಲಾಡಿಸಿದೆ. ಮುಷ್ಟಿ ಎಲ್ಲಿಂದ ಬಂತೋ ಕಾಣಲಿಲ್ಲ. ನಾನು ಮೇಜಿನ ಕೆಳಗಿನಿಂದ ಬಾಯಿತುಂಬ ರಕ್ತ ತುಂಬಿಕೊಂಡು ಎದ್ದಾಗ ಅವರು ಎದ್ದು ನಿಂತಿದ್ದರು. ಕಣ್ಣು ಕೆಂಡವಾಗಿತ್ತು.

"ಯಾರ್ ಸ್ವಾಮಿ ನಿಮ್ಗೆ ಹೊಡ್ದೋರು?" ಎಂದು ಕೇಳಿದರು. "ಹೇಳಿ, ಅವ್ನ ಮೂಳೆ ಮುರ್ದಾಕ್ತೀನಿ."

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನಾನು ಬೆರಳು ತೋರಿಸಿದೆ. ಅವರು ಹಿಂದಕ್ಕೆ ತಿರುಗಿ ನೋಡಿದರು, ಅಲ್ಲಿ ಗೋಡೆಯಿತ್ತು. ಆಮೇಲೆ ತಮ್ಮ ಮುಷ್ಟಿ ನೋಡಿಕೊಂಡರು. ಬೆರಳಿನ ಗಂಟಿನ ಮೇಲೆ ನನ್ನ ರಕ್ತವಿತ್ತು. ನನ್ನನ್ನು ಕೂರಿಸಿ, ಪಕ್ಕದ ಹೋಟೆಲಿನಿಂದ ಐಸು ತಂದು, ಒಂದು ಗಂಟೆ ನನ್ನ ದವಡೆ ಹಿಡಿದುಕೊಂಡು ಕುಳಿತರು. ತಂದಿದ್ದ ಕಾಗದವನ್ನು ತೋರಿಸಿದ್ದು ಅದಾದ ಮೇಲೆ.

ಆ ಕಾಗದ ಪಿಂಚಣಿ ಕಚೇರಿಯದು. ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರಿಗೆ ಬಿಡುಗಡೆಯ ವೈದ್ಯಕೀಯ ತಪಾಸಣೆಯಲ್ಲಿ ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆ ಇದೆಯೆಂದು ಬರೆದಿದ್ದರು. ಮಲಗಿದಾಗ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುತ್ತದೆ, ಉಸಿರಿಗಾಗಿ ಮೈ ಒದ್ದಾಡಿ ಎಚ್ಚರಾಗುತ್ತದೆ, ಮತ್ತೆ ನಿಲ್ಲುತ್ತದೆ. ಹೀಗೆ ರಾತ್ರಿಯಿಡೀ. ಹಾಗಾಗಿ ಹಗಲಲ್ಲಿ ಕುಳಿತಲ್ಲಿ ನಿಂತಲ್ಲಿ ಕಣ್ಣು ಮುಚ್ಚುತ್ತದೆ. ಇದಕ್ಕೆ ಅಂಗವೈಕಲ್ಯದ ಪಿಂಚಣಿ ಕೇಳಿದ್ದರು. ತಿರಸ್ಕರಿಸಿದ್ದರು. ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ, ದೇಹಪ್ರಕೃತಿಗೂ ಜೀವನಶೈಲಿಗೂ ಸಂಬಂಧಪಟ್ಟದ್ದು ಎಂದು ಅದರಲ್ಲಿತ್ತು.

"ಜೀವನಶೈಲಿ ಅಂದ್ರೇನ್ ಸ್ವಾಮಿ?" ಎಂದರು. "ನಂಗಿದ್ದಿದ್ದು ಒಂದೇ ಶೈಲಿ. ಅವ್ರು ತೋರ್ಸಿದ್ ಕಡೆ ನಿಂತ್ಕಳದು."

ಅವರ ತಂದೆ ಹಾಸನದ ಕಡೆಯಿಂದ ಬಂದು ಹಾರಂಗಿಯ ಹತ್ತಿರ ಗದ್ದೆ ಮಾಡಿದವರು. ಮಗನಿಗೆ ಮಣ್ಣಿನ ಕೆಲಸಕ್ಕಿಂತ ಹೊಡೆದಾಟ ಚೆನ್ನಾಗಿ ಬರುತ್ತದೆಂದು ಸೈನ್ಯಕ್ಕೆ ಸೇರಿಸಿದರಂತೆ. ಸೈನ್ಯದಿಂದ ಬಂದ ಮೇಲೂ ಆ ವಿದ್ಯೆ ಮರೆತಿರಲಿಲ್ಲ. ನಾಲೆಯ ನೀರು ತಿರುಗಿಸಿದವನನ್ನು ನಾಲೆಗೇ ಎತ್ತಿ ಹಾಕಿದ್ದರು. ಒಬ್ಬ ಗರ್ಭಿಣಿಗೆ ಸೀಟು ಬಿಡದ ಯುವಕನನ್ನು ಬಸ್ಸಿನ ಕಿಟಕಿಯಿಂದ ಅರ್ಧ ಹೊರಗೆ ತೂಗುಹಾಕಿದ್ದರು, ಬಸ್ಸು ಓಡುತ್ತಿತ್ತು. ನ್ಯಾಯ ಅನ್ಯಾಯ ಎರಡಕ್ಕೂ ಅವರ ಬಳಿ ಇದ್ದದ್ದು ಒಂದೇ ಉಪಾಯ. ನಾನು ಹುಟ್ಟಾ ಪುಕ್ಕಲ. ಇಂಥವರನ್ನು ಕಂಡರೆ ಅಂಗಡಿ ಬಾಗಿಲು ಹಾಕುವವನು. ಆದರೆ ದವಡೆಗೆ ಐಸು ಹಿಡಿದು ಕುಳಿತ ಆ ಒಂದು ಗಂಟೆಯಲ್ಲಿ ಏನೋ ಕೆಟ್ಟುಹೋಯಿತು. ಅವರ ಕೇಸು ನನ್ನದಾಯಿತು.

ಪಿಂಚಣಿಗಿಂತ ಅವರಿಗೆ ಬೇಕಾಗಿದ್ದದ್ದು ಬೇರೆ. ನಿವೃತ್ತಿಯ ಮೇಲೆ ಒಂದು ಕಾಫಿ ಎಸ್ಟೇಟಿನ ಗೇಟಿನಲ್ಲಿ ಹಗಲು ಪಾಳಿಯ ಕಾವಲುಗಾರರಾಗಿದ್ದರು. ಕಾಫಿ ಕೊಯ್ಲು ನಡೆಯುವ ಕಾಲ. ಬೆಳಿಗ್ಗೆ ಹನ್ನೊಂದಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದಾಗ ಇವರು ಗೇಟಿನ ಕಂಬಕ್ಕೆ ಒರಗಿ, ನಿಂತುಕೊಂಡೇ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ರೈಟರ್ ಮೊಬೈಲಿನಲ್ಲಿ ಫೋಟೊ ತೆಗೆದ. 'ನಮ್ಮ ಗಡಿ ಕಾದ ವೀರರು' ಎಂದು ಬರೆದು ಎಲ್ಲರಿಗೂ ಕಳಿಸಿದ. ಸಂಜೆಯೊಳಗೆ ಅದು ಕೂಲಿಯಾಳುಗಳ ಲೈನ್‌ಮನೆಗಳಿಗೆ, ಪೇಟೆಗೆ, ಮಾಜಿ ಸೈನಿಕರ ಗುಂಪಿಗೆ, ಕೊನೆಗೆ ಹವಾಲ್ದಾರರ ಹೆಂಡತಿಯ ತಂಗಿಯ ಮೊಬೈಲಿಗೂ ಬಂತು. ಮಾರನೆಯ ದಿನ ಇವರು ಹೋಗಿ ರೈಟರನನ್ನು ನೆಲಕ್ಕೆ ಕೆಡವಿ ಮೊಬೈಲನ್ನು ಅವನ ಕೈಯಲ್ಲಿರುವಾಗಲೇ ತುಳಿದರು. ಮೂರು ಬೆರಳು ಮುರಿದವು. ಬಿಡಿಸಲು ಬಂದವನ ಮೂಗೂ ಒಡೆಯಿತು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರು ಒಳ್ಳೆಯವರೇ. "ನಿದ್ದೆ ಕಾಯಿಲೆ ಅಂತೀರಲ್ಲ, ಮಿಲಿಟರಿಯಿಂದ ಬಂತು ಅನ್ನೋಕೆ ಕಾಗದ ಇದ್ಯಾ?" ಎಂದು ಕೇಳಿದರಂತೆ. ಇದ್ದ ಕಾಗದದಲ್ಲಿ ಜೀವನಶೈಲಿ ಎಂದಿತ್ತು. ರಾಜಿಯೇನೋ ಆಯಿತು, ಆದರೆ ಹವಾಲ್ದಾರರು ಆಮೇಲೆ ಪೇಟೆಯಲ್ಲಿ ಯಾರ ಮುಖವನ್ನೂ ನೋಡಿ ನಡೆಯಲಿಲ್ಲ.

"ಸಾಯೋದ್ರೊಳ್ಗೆ ನಂಗೊಂದು ಕಾಗ್ದ ಬೇಕು ಸ್ವಾಮಿ," ಎಂದರು ನನ್ನ ಬಳಿ. "ನಾನು ಸೋಮಾರಿ ಅಲ್ಲ ಅಂತ. ಈ ನಿದ್ದೆ ನನ್ನ ಮನೇದಲ್ಲ, ಅಲ್ಲಿಂದ ಹತ್ತುಸ್ಕಂಡ್ ಬಂದಿದ್ದು ಅಂತ."

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಸಣ್ಣ ಮೈಯ ಹೆಂಗಸು. ಎಡಗೈ ಮಣಿಕಟ್ಟು ಸೊಟ್ಟಗಿತ್ತು. ಸಾಕ್ಷ್ಯಕ್ಕಾಗಿ ಅವರ ಹೇಳಿಕೆ ಬರೆದುಕೊಳ್ಳಲು ಮನೆಗೆ ಹೋದಾಗ ಮಲಗುವ ಕೋಣೆಯ ಗೋಡೆಗೆ ಉದ್ದನೆಯ ಗಳು ಒರಗಿಸಿಟ್ಟಿದ್ದು ಕಂಡಿತು. ತುದಿಗೆ ಬಟ್ಟೆ ಸುತ್ತಿತ್ತು.

"ನುಗ್ಗೆಕಾಯಿ ಕೀಳೋ ಗಳು ಕಣಣ್ಣ," ಎಂದರು. "ಅವ್ರ ಉಸ್ರು ನಿಂತಾಗ ಹೊಡೀಲೇಬೇಕಲ್ಲ. ಮದ್ಲು ಹತ್ರ ಹೋಗಿ ಅಲ್ಲಾಡಿಸ್ತಿದ್ದೆ. ಒಂದಿನ ಎಚ್ಚರಾಗ್ದೆ ಕೈ ತಿರುಪಿದ್ರು, ಮುರೀತು. ಅವತ್ತಿಂದ ಬಾಗ್ಲತ್ರ ನಿಂತ್ಕಂಡು ಹೊಡೀತೀನಿ. ಎದೆಗೆ ಎರಡು, ಪಕ್ಕೆಗೆ ಒಂದು."

"ರಾತ್ರಿಗೆ ಎಷ್ಟು ಸಲ ಅಕ್ಕ?"

"ಯಾರ್ ಎಣುಸ್ತಾರೆ. ಉಸ್ರು ನಿಂತಷ್ಟು ಸಲ."

ಆಗ ನನಗೆ ಇನ್ನೊಂದು ವಿಷಯ ಅರ್ಥವಾಯಿತು. ಪಿಂಚಣಿ ಕೇಳಿದಾಗ ಅವರನ್ನು ಪರೀಕ್ಷಿಸಿದ ವೈದ್ಯಕೀಯ ಮಂಡಳಿಯ ವರದಿಯಲ್ಲಿ ಎದೆ ಪಕ್ಕೆಗಳ ಮೇಲೆ ಬಾಸುಂಡೆಗಳಿವೆ, ಕುಡಿದು ಜಗಳವಾಡುವ ಸ್ವಭಾವ ಇರಬಹುದು ಎಂದು ಒಂದು ಸಾಲಿತ್ತು. ಹನಿ ಕುಡಿಯದ ಮನುಷ್ಯ. ಅವರನ್ನು ಬದುಕಿಸಲು ಬಿದ್ದ ಪೆಟ್ಟೇ ಅವರ ವಿರುದ್ಧ ಸಾಕ್ಷಿ ಹೇಳಿತ್ತು. ಇದನ್ನು ಹವಾಲ್ದಾರರಿಗೆ ಓದಿ ಹೇಳಿದಾಗ ಅವರು ಎದ್ದು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಕೊಡಲಿಯ ಸದ್ದು ಕೇಳಿಸಿತು. ಎರಡು ತಿಂಗಳಿಗಾಗುವಷ್ಟು ಸೌದೆ ಒಡೆದು ಬಂದು, "ಮುಂದೆ ಓದಿ" ಎಂದರು.

ಅಕ್ಕನ ಹೇಳಿಕೆ ಇದ್ದರೆ ಸಾಲದು. ಕಾಯಿಲೆ ಸೇವೆಯಲ್ಲಿದ್ದಾಗಲೇ ಇತ್ತೆಂದು ತೋರಿಸುವ ಏನಾದರೊಂದು ಬೇಕಾಗಿತ್ತು. ನಾನು ಅವರ ಹಳೆಯ ದಾಖಲೆಗಳನ್ನು ಒಂದೊಂದಾಗಿ ತಿರುವಿದೆ. ಇಡೀ ಸೇವೆಯಲ್ಲಿ ಒಂದೇ ಗಾಯ ದಾಖಲಾಗಿತ್ತು. ಗಡಿಯ ಎತ್ತರದ ಠಾಣೆಯೊಂದರಲ್ಲಿ ಹಗಲು ಕಾವಲಿನಲ್ಲಿದ್ದಾಗ ಹಿಮದ ಮೇಲೆ ಜಾರಿ ಬಿದ್ದು ಹಣೆಗೆ ಪೆಟ್ಟು, ಏಳು ಹೊಲಿಗೆ.

"ಕಾವಲು ನಿಂತೋರು ಹೇಗೆ ಜಾರಿದ್ರಿ ಹವಾಲ್ದಾರ್ರೆ?" ಎಂದೆ. "ತಲೆ ತಿರುಗಿತ್ತಾ? ಜೋಂಪು ಹತ್ತಿತ್ತಾ?"

ಮೇಜಿನ ಮೇಲಿದ್ದ ದೊಡ್ಡ ಸ್ಟೇಪ್ಲರ್ ನನ್ನ ಕಿವಿಯ ಪಕ್ಕದಿಂದ ಹಾದು ಗಾಜಿನ ಕಪಾಟಿಗೆ ಬಡಿಯಿತು. ಗಾಜು ಪೂರ್ತಿ ಕೆಳಗೆ ಸುರಿಯಿತು.

"ಜಾರಿ ಬಿದ್ದೆ ಅಂದ್ರೆ ಜಾರಿ ಬಿದ್ದೆ," ಎಂದು ಹೊರಟುಹೋದರು. ಮಾರನೆಯ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಹೊಸ ಗಾಜು ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದರು. ಅಳತೆ ಯಾವಾಗ ತೆಗೆದುಕೊಂಡಿದ್ದರೋ ಗೊತ್ತಿಲ್ಲ, ಒಂದು ಕೂದಲೆಳೆ ಹೆಚ್ಚುಕಡಿಮೆ ಇರಲಿಲ್ಲ. ಗಾಜು ಕೂರಿಸಿ, ನೆಲದ ಚೂರುಗಳನ್ನೆಲ್ಲ ಗುಡಿಸಿ ಹೋದರು. ಕ್ಷಮೆ ಕೇಳುವುದು ಅವರಿಗೆ ಬರುತ್ತಿರಲಿಲ್ಲ. ಬಾಯಿಂದ ಆಗದ್ದನ್ನು ಕೈಯಿಂದ ಮಾಡುತ್ತಿದ್ದರು, ಅಷ್ಟೆ.

ದಾರಿ ತೋರಿಸಿದ್ದು ಅಕ್ಕ. "ಅಮ್ಮತ್ತಿ ಕಡೇಲಿ, ಮಿಲಿಟ್ರೀಲಿ ಅವ್ರ ಜತೆ ಇದ್ದೋರೊಬ್ರು ಅವ್ರೆ. ನಿದ್ದೇಲಿ ಎಷ್ಟೋ ಸಲ ಅವ್ರ ಹೆಸ್ರು ಕೂಗ್ತಾರೆ. ಎಚ್ಚರಿದ್ದಾಗ ನಾನ್ ಆ ಹೆಸ್ರು ಎತ್ತಂಗಿಲ್ಲ," ಎಂದರು. ನಾನು ಹವಾಲ್ದಾರರಿಗೆ ಹೇಳದೆ ಬಸ್ಸು ಹತ್ತಿದೆ.

ಅಮ್ಮತ್ತಿಯವರು ಮನೆಯ ಮುಂದಿನ ಕಣದಲ್ಲಿ ಕಾಫಿ ಒಣಗಲು ಹರವುತ್ತಿದ್ದರು. ತೆಳ್ಳನೆಯ ಮನುಷ್ಯ, ಅಚ್ಚುಕಟ್ಟಾದ ಮೀಸೆ. ನಾನು ಎಡಗಡೆಯಿಂದ ಮೂರು ಸಲ ಕೂಗಿದರೂ ತಿರುಗಲಿಲ್ಲ. ಎದುರಿಗೆ ಹೋಗಿ ನಿಂತಾಗ ಬಲಗಿವಿಯನ್ನು ನನ್ನ ಕಡೆ ಮಾಡಿದರು. ಬಂದ ಕಾರಣ ಹೇಳಿದೆ. ಹವಾಲ್ದಾರರ ಹೆಸರು ಕೇಳಿ ಕಾಫಿ ಎಳೆಯುವ ಕೋಲನ್ನು ಮೆಲ್ಲಗೆ ಕೆಳಗಿಟ್ಟರು.

"ಜಾರಿ ಬಿದ್ದದ್ದು ಅಂತ ಹೇಳಿದ್ದಾನಾ ಇನ್ನೂ?" ಎಂದು ನಕ್ಕರು. "ಒಳ್ಳೆ ಜಾರಿದ ಅವ. ಕೂತ್ಕೊಳ್ಳಿ ಮಾರಾಯ್ರೆ, ಹೇಳ್ತೇನೆ."

ಆ ಠಾಣೆಯಲ್ಲಿ ಎಂಟು ಜನರಿದ್ದರಂತೆ. ಹವಾಲ್ದಾರರೇ ಮುಖ್ಯಸ್ಥರು, ಇವರು ಸಿಪಾಯಿ. ಗಾಳಿ ತೆಳುವಾದ ಜಾಗ, ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಒಂದು ದಿನ ಇವರು ಕಾವಲಿನಲ್ಲಿ ಕುಳಿತಲ್ಲೇ ಕಣ್ಣು ಮುಚ್ಚಿದ್ದರು. ಹವಾಲ್ದಾರರು ಬಂದು ನೋಡಿದರು.

"'ನಿದ್ದೆ ಹೊಡೀತೀಯಾ' ಅಂತ ಕೇಳಿದ," ಎಂದರು ಅಮ್ಮತ್ತಿಯವರು, ಎಡಗಿವಿ ಮುಟ್ಟಿಕೊಂಡು. "ಈ ಕಿವಿ ಕೇಳಿದ ಕೊನೆಯ ಮಾತು ಅದು. ಆಮೇಲೆ ಹೊಡೆದ. ಬೂಟುಗಾಲಿಂದಲೂ ಹೊಡೆದ. ನಾನು ಬಿದ್ದ ಮೇಲೂ ನಿಲ್ಲಿಸ್ಲಿಲ್ಲ. ನಾಲ್ಕು ಜನ ಹಿಡ್ಕೊಳ್ಳಬೇಕಾಯ್ತು. ರಕ್ತ ಕಿವಿಯಿಂದ ಬಂದು ಕಾಲರಿನಲ್ಲಿ ಗಟ್ಟಿ ಆಗಿತ್ತು, ಅಷ್ಟು ಚಳಿ."

ಕಾವಲಿನಲ್ಲಿ ನಿದ್ದೆ ಮಾಡುವುದು ಸೈನ್ಯದಲ್ಲಿ ದೊಡ್ಡ ಅಪರಾಧ. ವರದಿಯಾದರೆ ಕೋರ್ಟ್ ಮಾರ್ಷಲ್. ಹವಾಲ್ದಾರರು ವರದಿ ಮಾಡಲಿಲ್ಲ. ಇವರೂ ಪೆಟ್ಟಿನ ವಿಷಯ ಎಲ್ಲಿಯೂ ಎತ್ತಲಿಲ್ಲ. ಬಿಡುಗಡೆಯಾಗುವಾಗ ಡಾಕ್ಟರು ಕಿವಿಯ ಬಗ್ಗೆ ಕೇಳಿದ್ದಕ್ಕೆ ಚಿಕ್ಕಂದಿನಲ್ಲಿ ಸೋರುತ್ತಿತ್ತು ಎಂದು ಹೇಳಿ ಬಂದರು. ಹಾಗಾಗಿ ಇವರಿಗೂ ಅಂಗವೈಕಲ್ಯದ ಪಿಂಚಣಿ ಸಿಗಲಿಲ್ಲ.

"ಹತ್ತು ದಿವಸ ಆಯ್ತು," ಎಂದು ಮುಂದುವರಿಸಿದರು. "ಮಧ್ಯಾಹ್ನ ಮೂರು ಗಂಟೆ. ನಾನು ಪಾಳಿ ಬದಲಿಸ್ಲಿಕ್ಕೆ ಹೋದೆ. ಅವನ ಪಾಳಿ. ಕೂತಿದ್ದಾನೆ, ಕಣ್ಣು ಮುಚ್ಚಿದೆ. ನನ್ನ ಕೈಯಲ್ಲಿ ಹಿಮ ತೋಡುವ ಸಲಿಕೆ ಇತ್ತು. ಎಬ್ಬಿಸ್ಲಿಕ್ಕೆ ಹೊಡೆದೆ ಅಂತ ಹೇಳಿದ್ರೆ ಸುಳ್ಳಾಗ್ತದೆ. ಮೊದಲನೇ ಪೆಟ್ಟು ನನ್ನ ಕಿವಿಯ ಲೆಕ್ಕಕ್ಕೆ. ಹಣೆ ಒಡೆದು ರಕ್ತ ಬಂತು. ಆದ್ರೆ ಅವ ಏಳ್ಲಿಲ್ಲ. ಹತ್ತಿರ ಹೋಗಿ ನೋಡಿದ್ರೆ ಉಸಿರಿಲ್ಲ. ತುಟಿ ನೀಲಿ. ಎರಡನೇದು ಎದೆಗೆ, ಮೂರನೇದೂ ಎದೆಗೆ. ಅವೆರಡು ಮಾತ್ರ ಎಬ್ಬಿಸ್ಲಿಕ್ಕೆ."

ಹವಾಲ್ದಾರರು ಉಸಿರೆಳೆದು ಎದ್ದರು, ರಕ್ತ ಒರೆಸಿಕೊಂಡರು, ಸಲಿಕೆಯನ್ನು ನೋಡಿದರು, ಇವರನ್ನು ನೋಡಿದರು. 'ಜಾರಿ ಬಿದ್ದೆ' ಎಂದರು. ಇವರು 'ಹೌದು, ಜಾರಿ ಬಿದ್ದಿರಿ' ಎಂದರು. ಅವರಿಬ್ಬರು ಕೊನೆಯದಾಗಿ ಆಡಿದ ಮಾತು ಅದು. ಆಮೇಲೆ ಒಂದೇ ಜಿಲ್ಲೆಯಲ್ಲಿ, ಬಸ್ಸಿನ ದಾರಿಯಲ್ಲಿ, ಇಷ್ಟು ವರ್ಷ ಇದ್ದರೂ ಒಬ್ಬರ ಮನೆಗೆ ಒಬ್ಬರು ಹೋಗಿರಲಿಲ್ಲ.

ಮೇಲ್ಮನವಿಗೆ ಬೇಕಾದ ಸಾಕ್ಷ್ಯ ಇದೇ. ಕಾವಲಿನಲ್ಲಿದ್ದಾಗ ಉಸಿರು ನಿಂತದ್ದನ್ನು ಕಣ್ಣಾರೆ ಕಂಡವರು ಎದುರಿಗೇ ಕುಳಿತಿದ್ದಾರೆ. "ಇದನ್ನೆಲ್ಲ ಬರೆದು ಸಹಿ ಹಾಕ್ತೀರಾ?" ಎಂದೆ.

"ಹಾಕ್ತೇನೆ. ಆದ್ರೆ ನನ್ನ ಕಿವಿಯದ್ದೂ ಅವ ಬರೀಬೇಕು."

ಹವಾಲ್ದಾರರು ಅದನ್ನು ಬರೆಯುವವರಲ್ಲ ಎಂದುಕೊಂಡು ನಾನು ಎದ್ದೆ. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಕೂಗಿ ಕರೆದರು. "ಕಂಡೀಷನ್ ಬೇಡ. ಕಾಗದ ಕೊಡಿ. ಉಸಿರಿಲ್ಲದವನ ಹತ್ರ ಎಂಥ ಕಂಡೀಷನ್."

ಹವಾಲ್ದಾರರಿಗೆ ಇದನ್ನು ಹೇಳುವಾಗ ನಾನು ಮೇಜಿನ ಈಚೆ ನಿಂತೆ, ಅವರನ್ನು ಆಚೆ ಕೂರಿಸಿದೆ, ಸ್ಟೇಪ್ಲರನ್ನು ಡ್ರಾಯರಿನಲ್ಲಿಟ್ಟೆ. ಅವರು ಹೊಡೆಯಲಿಲ್ಲ. ಹಣೆಯ ಗೆರೆಯ ಮೇಲೆ ಬೆರಳಾಡಿಸುತ್ತ, "ಉಸ್ರಿರ್ಲಿಲ್ಲ ಅಂದ್ನಾ?" ಎಂದು ಕೇಳಿದರು. "ಮೂರೂ ಸೇಡಿಗೇ ಹೊಡ್ದ ಅಂದ್ಕಂಡಿದ್ದೆ ಸ್ವಾಮಿ. ಇಷ್ಟ್ ದಿನ."

ಅವರ ಹೇಳಿಕೆ ಬರೆಯಲು ಕುಳಿತೆವು. ಇಲ್ಲಿ ನನ್ನ ಕಸುಬಿನ ಗುಟ್ಟೊಂದನ್ನು ಹೇಳಬೇಕು. ಅರ್ಜಿ ಬರೆಯುವವರ ಕನ್ನಡದಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ತಾನಾಗಿ ಆಗಿರುತ್ತದೆ. ಗಲಾಟೆ ನಡೆದಿರುತ್ತದೆ, ಪೆಟ್ಟು ಬಿದ್ದಿರುತ್ತದೆ, ಹಣ ಖರ್ಚಾಗಿರುತ್ತದೆ. ಮಾಡಿದವನನ್ನು ವಾಕ್ಯದಿಂದ ಮೆಲ್ಲಗೆ ಆಚೆ ಕಳಿಸಿಬಿಟ್ಟರೆ ಅರ್ಧ ಕೇಸು ಗೆದ್ದಂತೆ. 'ನಾನು ಕಾವಲಿನಲ್ಲಿ ನಿದ್ದೆ ಮಾಡಿದೆ' ಎಂದು ಬರೆದರೆ ಅಪರಾಧ. 'ನನಗೆ ನಿದ್ದೆ ಬಂದಿತ್ತು' ಎಂದು ಬರೆದರೆ ಕಾಯಿಲೆ. ಅದನ್ನು ಅವರಿಗೆ ವಿವರಿಸಿದೆ.

"ಬಂದಿತ್ತು," ಎಂದು ಅವರು ಬಾಯಲ್ಲಿ ಹೇಳಿ ನೋಡಿಕೊಂಡರು. "ಹೂಂ. ನಾನ್ ಮಾಡ್ಲಿಲ್ಲ. ಅದೇ ಬಂತು. ಹಂಗೇ ಹಾಕಿ."

ನಿದ್ದೆ ಬರುವುದಕ್ಕೆ ಇಂಗ್ಲಿಷಿನಲ್ಲಿ 'ಫಾಲ್ ಅಸ್ಲೀಪ್' ಎನ್ನುತ್ತಾರೆ, ಅಂದರೆ ಇಂಗ್ಲಿಷರು ನಿದ್ದೆಗೆ ಬೀಳುತ್ತಾರೆ. ಹಾಗೆ ನೋಡಿದರೆ ಜಾರಿ ಬಿದ್ದೆ ಎಂದದ್ದು ಪೂರ್ತಿ ಸುಳ್ಳೇನೂ ಅಲ್ಲ ಎಂದು ನಾನು ನಗೆಯಾಡಿದೆ. ಅವರು ನಗಲಿಲ್ಲ.

ಮೇಲ್ಮನವಿ ಕಳಿಸಿ ಏಳು ತಿಂಗಳಿಗೆ ಬೆಂಗಳೂರಿನಲ್ಲಿ ಮರುಪರಿಶೀಲನೆಯ ಮಂಡಳಿಯ ಮುಂದೆ ಕರೆದರು. ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ನಿದ್ದೆ ಹೋಗದಂತೆ ತೊಡೆಯನ್ನು ಚಿವುಟಿಕೊಂಡು ಚಿವುಟಿಕೊಂಡು ಪ್ಯಾಂಟಿನ ಮೇಲೆ ರಕ್ತದ ಚುಕ್ಕೆಗಳಾಗಿದ್ದವು. ಒಳಗೆ ಮೂವರು ಅಧಿಕಾರಿಗಳು. ಕಾವಲಿನಲ್ಲಿ ನಿದ್ದೆ ಮಾಡಿದ್ದನ್ನು ಒಪ್ಪುತ್ತೀಯಾ ಎಂದು ಕೇಳಿದರಂತೆ. ಇವರು ಅಟೆನ್ಷನ್‌ನಲ್ಲಿ ನಿಂತು, 'ಬಂತು ಸಾಬ್' ಎಂದರಂತೆ. ಹೊರಗೆ ಬಂದವರೇ ಕಾರಿಡಾರಿನ ಗೋಡೆಗೆ ಮುಷ್ಟಿಯಿಂದ ಗುದ್ದಿದರು. ಬೆರಳಿನ ಗಂಟು ಒಡೆದು ಗೋಡೆಯ ಸುಣ್ಣಕ್ಕೆ ಕೆಂಪು ಹತ್ತಿತು. ಏನಾಯಿತು ಎಂದರೆ, "ಏನಿಲ್ಲ, ಸುಲಭ್ವಾಗ್ ಬಿಟ್ಬಿಟ್ರು," ಎಂದರು. ಆಗ ನನಗೆ ಅದರ ಅರ್ಥ ತಿಳಿಯಲಿಲ್ಲ.

ಮೇಲ್ಮನವಿ ಮಂಜೂರಾಯಿತು. ಕಾಯಿಲೆ ಸೇವೆಯ ಪರಿಸ್ಥಿತಿಯಿಂದ ಹೆಚ್ಚಾದದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಅಕ್ಕ ಒಬ್ಬಟ್ಟು ಮಾಡಿಕೊಂಡು ಅಂಗಡಿಗೆ ಬಂದರು. ಹವಾಲ್ದಾರರು ಬರಲಿಲ್ಲ. ಸಬ್ ಇನ್ಸ್‌ಪೆಕ್ಟರಿಗೆ ತೋರಿಸಲು ಹೋಗಲಿಲ್ಲ, ರೈಟರನ ಮನೆಯ ಮುಂದೆ ಓಡಾಡಲಿಲ್ಲ. ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಗೋಡೆ ನೋಡುತ್ತ ಮಲಗಿರುತ್ತಾರೆ, ಮಾತಾಡಿಸಿದರೆ ಹೊಡೆಯಲು ಬರುತ್ತಾರೆ ಎಂದರು ಅಕ್ಕ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಬಂದರು. ಅಂಗಡಿಯ ಷಟರನ್ನು ಅರ್ಧ ಎಳೆದು ನನ್ನ ಎದುರು ಕುಳಿತರು.

"ನಂಗೆ ಬಂತು ಅಂತ ಬರ್ದ್ರಿ," ಎಂದರು. "ಸರ್ಕಾರನೂ ಒಪ್ತು. ಮತ್ತೆ ಅವ್ನಿಗೆ?"

"ಅಮ್ಮತ್ತಿಯವರಿಗಾ?" ಎಂದೆ.

"ಅದೇ ಗುಡ್ಡ. ಅದೇ ಗಾಳಿ. ಅದೇ ಕುರ್ಚಿ ಸ್ವಾಮಿ. ಕೂತಿದ್ದು ಒಂದೇ ಕುರ್ಚಿ. ನಂಗೆ ಬಂದ್ರೆ ಕಾಯ್ಲೆ, ಅವ್ನಿಗಾದ್ರೆ ನಿದ್ದೆ ಹೊಡ್ದ ಅಂತಾನಾ? ಬರ್ಕಳಿ. ಅವ್ನ ಕಿವೀದು ಬರ್ಕಳಿ."

ನಾನು ಎಚ್ಚರಿಸಿದೆ. ಕೈಕೆಳಗಿನವನನ್ನು ಕಿವುಡಾಗುವಂತೆ ಹೊಡೆದೆನೆಂದು ಸಹಿ ಹಾಕಿದರೆ ನಿಮ್ಮ ಮೇಲೆ ವಿಚಾರಣೆ ಬರಬಹುದು, ಗೆದ್ದ ಕಾಗದವನ್ನೇ ಮತ್ತೆ ತೆರೆಯಬಹುದು, ಸ್ವಲ್ಪ ಜಾಣತನದಿಂದ ಬರೆಯೋಣ ಎಂದೆ. ಬರೆದೂ ತೋರಿಸಿದೆ: 'ಸದರಿ ಸಂದರ್ಭದಲ್ಲಿ ಸಿಪಾಯಿಯವರ ಎಡಗಿವಿಗೆ ಪೆಟ್ಟಾಗಿರುತ್ತದೆ.'

ಅವರ ಕೈ ಮೇಜು ದಾಟಿ ಬಂದು ನನ್ನ ಅಂಗಿಯ ಎದೆಭಾಗವನ್ನು ಹಿಡಿಯಿತು. ಎರಡು ಗುಂಡಿ ಕಿತ್ತುಬಂದವು. ಮುಖವನ್ನು ಹತ್ತಿರಕ್ಕೆ ಎಳೆದುಕೊಂಡರು. ಈ ಸಲ ಅವರು ಪೂರ್ತಿ ಎಚ್ಚರದಲ್ಲಿದ್ದರು.

"ಪೆಟ್ಟು ಆಗಲ್ಲ ಸ್ವಾಮಿ," ಎಂದರು. "ಹೊಡುದ್ರೆ ಆಯ್ತದೆ. ಯಾರ್ ಹೊಡ್ದೋರು? ಬರೀರಿ."

ಅವರು ಹೇಳಿದಂತೆ ಟೈಪ್ ಮಾಡಿದೆ. ಒಂದೊಂದು ಏಟನ್ನೂ ಹೇಳಿದರು, ಕೈಯದೆಷ್ಟು, ಬೂಟಿನದೆಷ್ಟು, ಬಿದ್ದ ಮೇಲೆ ಎಷ್ಟು. ಅಮ್ಮತ್ತಿಯವರು ನನಗೆ ಹೇಳಿದ್ದಕ್ಕಿಂತ ಹೆಚ್ಚಿತ್ತು. ಓದಿಸಿ ಕೇಳಿ ಸಹಿ ಹಾಕಿದರು. ನೀವೇ ಕೊಂಡೊಯ್ದು ಕೊಡಿ ಎಂದರೆ ಒಪ್ಪಲಿಲ್ಲ.

"ಅವ್ನು ಹೊಡೀತಾನೆ ಅಂತ ಹೆದ್ರಿಕೆ ಅಲ್ಲ," ಎಂದರು. "ಹೊಡೀದೆ ಕಾಫಿ ಕೊಟ್ರೆ ಏನ್ ಮಾಡ್ಲಿ?"

ಇಂಗ್ಲಿಷಿಗೆ ಇಳಿಸಿ, ಎರಡನ್ನೂ ಜೋಡಿಸಿ ಅಮ್ಮತ್ತಿಗೆ ಹೋಗಬೇಕೆಂದು ನಾನು ಒಂದು ವಾರ ತಡ ಮಾಡಿದೆ. ಮಾಡಿದೆ ಎಂದೇ ಬರೆಯುತ್ತೇನೆ, ತಡವಾಯಿತು ಎಂದು ಬರೆಯುವುದಿಲ್ಲ. ಆ ವಾರದಲ್ಲಿ ಒಂದು ಮಧ್ಯಾಹ್ನ ಊಟದ ನಂತರ ಹವಾಲ್ದಾರರು ಜಗಲಿಯಲ್ಲಿ ಒರಗಿದವರು ಏಳಲಿಲ್ಲ. ಅಕ್ಕ ಹಿತ್ತಿಲಿನಲ್ಲಿದ್ದರು. ಬಂದು ನೋಡುವಷ್ಟರಲ್ಲಿ ಗೊರಕೆ ನಿಂತಿತ್ತು.

ನಾನು ಹೋದಾಗ ಗಳು ಜಗಲಿಯ ಕೆಳಗೆ ಎರಡು ತುಂಡಾಗಿ ಬಿದ್ದಿತ್ತು. "ಹೊಡುದೆ ಕಣಣ್ಣ," ಎಂದರು ಅಕ್ಕ. "ಗಳು ಮುರ್ಯೋವರ್ಗೂ ಹೊಡುದೆ. ಆಮೇಲೆ ಕೈಯಲ್ಲಿ ಹೊಡುದೆ. ಒಂದ್ಸಲನಾದ್ರೂ ತಿರುಗ್ಸಿ ಹೊಡೀಲಿಲ್ಲ." ಸೊಟ್ಟ ಮಣಿಕಟ್ಟು ಊದಿಕೊಂಡಿತ್ತು. ನಾನು ಅಲ್ಲಿಯೇ ಕುಳಿತು ಅತ್ತೆ.

ಹನ್ನೊಂದನೆಯ ದಿನ ಕಳೆದ ಮೇಲೆ ಕಾಗದ ಹಿಡಿದು ಅಮ್ಮತ್ತಿಗೆ ಹೋದೆ. ಸಾವಿನ ಸುದ್ದಿ ಅಮ್ಮತ್ತಿಯವರಿಗೆ ಮುಟ್ಟಿತ್ತು. ಕನ್ನಡಕ ಹಾಕಿಕೊಂಡು ಕಣದ ಕಟ್ಟೆಯ ಮೇಲೆ ಓದಲು ಕುಳಿತರು. ಕಾಗದ ಶುರುವಾಗುವುದು ಹೀಗೆ: 'ಸಿಪಾಯಿಗೆ ಕಾವಲಿನಲ್ಲಿ ನಿದ್ದೆ ಬಂದಿತ್ತು. ನಾನು ಅವನಿಗೆ ಹೊಡೆದೆ.' ಅವರು ಏಟುಗಳ ಪಟ್ಟಿಯನ್ನು ಬೇಗ ಬೇಗ ಓದಿ ಮುಗಿಸಿ ಮತ್ತೆ ಮೊದಲ ಸಾಲಿಗೆ ಬಂದರು. ಅದರ ಮೇಲೆ ಬೆರಳಿಟ್ಟರು.

"ಈ ಬಂದಿತ್ತು ಅನ್ನೋದು ನೀವು ಹಾಕಿದ್ದಾ, ಅವನೇ ಹೇಳಿದ್ದಾ?"

"ಅವರೇ ಹೇಳಿದ್ದು. ನಾನು ಬರೀ ಟೈಪ್ ಮಾಡಿದ್ದು."

ಅವರು ಕನ್ನಡಕ ತೆಗೆದರು. "ಇಷ್ಟು ವರ್ಷ ನಾನೂ ನಿದ್ದೆ ಮಾಡಿದೆ ಅಂತಲೇ ತಿಳ್ಕೊಂಡಿದ್ದೆ ಮಾರಾಯ್ರೆ," ಎಂದರು.